ಒಂದು ಸೊನ್ನೆಯ ಅಂತರ

ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಎರಡು ಲೇಸರ್‌ಗಳು ಹುಟ್ಟಿದವು. ಒಂದನ್ನು ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅಲ್ಲಿಗೆ ಹೋಗಿದ್ದ ಸಿ. ಕುಮಾರ್ ಪಟೇಲ್. ಕೊಳವೆಯೊಳಗಿನ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಅವರು ಹೊರತೆಗೆದ ಕಿರಣದ ತರಂಗದೂರ ಸುಮಾರು 10,600 ನ್ಯಾನೋಮೀಟರ್. ಅದೇ ಸಂಸ್ಥೆಯ ಜೋಸೆಫ್ ಗ್ಯೂಸಿಕ್ ಮತ್ತು ಸಂಗಡಿಗರು ಯಾಗ್ ಎಂಬ ಹರಳಿಗೆ ನಿಯೋಡೈಮಿಯಂ ಬೆರೆಸಿ ಪಡೆದ ಕಿರಣದ್ದು 1064 ನ್ಯಾನೋಮೀಟರ್. ಎರಡೂ ಅವಗೆಂಪು, ಎರಡೂ ಕಣ್ಣಿಗೆ ಕಾಣುವುದಿಲ್ಲ. ಕಾಗದದ ಮೇಲೆ ಬರೆದರೆ ಇವೆರಡರ ನಡುವೆ ಇರುವುದು ಹೆಚ್ಚುಕಮ್ಮಿ ಒಂದು ಸೊನ್ನೆಯ ಅಂತರ.

ಆರು ದಶಕ ಕಳೆದ ಮೇಲೂ ಕತ್ತರಿಸುವ, ಬೆಸೆಯುವ, ಕೆತ್ತುವ ಕೆಲಸದ ಬಹುಪಾಲು ಈ ಎರಡು ಸಂಖ್ಯೆಗಳ ಆಸುಪಾಸಿನಲ್ಲೇ ನಡೆಯುತ್ತಿದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅಕ್ರಿಲಿಕ್ ಬೋರ್ಡು, ಪ್ಲೈವುಡ್ಡು ಕತ್ತರಿಸುವ ಯಂತ್ರದೊಳಗೆ ಇರುವುದು ಪಟೇಲರ ಅನಿಲ ಲೇಸರ್. ಉಕ್ಕಿನ ಹಾಳೆ ಕತ್ತರಿಸುವ, ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವ ಯಂತ್ರದಲ್ಲಿರುವುದು ಫೈಬರ್ ಲೇಸರ್. ಅದು ಯಾಗ್‌ಗೆ ತಮ್ಮನಂಥದು. ಇಟರ್ಬಿಯಂ ಬೆರೆತ ಗಾಜಿನ ಎಳೆಯಿಂದ 1070, 1080 ನ್ಯಾನೋಮೀಟರಿನ ಕಿರಣ ಕೊಡುತ್ತದೆ. ಅನಿಲ ಲೇಸರ್ ಯಂತ್ರದ ಮುಂದೆ ನಿಂತವನಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಕನ್ನಡಕ ಸಾಕಾಗಬಹುದು. ನೀರಿನಷ್ಟು ತಿಳಿಯಾಗಿ ಕಾಣುವ ಆ ಪ್ಲಾಸ್ಟಿಕ್ಕು 10,600 ನ್ಯಾನೋಮೀಟರಿನ ಕಿರಣಕ್ಕೆ ಗೋಡೆ. ಅದೇ ಕನ್ನಡಕ ಹಾಕಿಕೊಂಡು ಅವನು ಪಕ್ಕದ ಫೈಬರ್ ಯಂತ್ರದ ಬಳಿಗೆ ಹೋದರೆ ಅವನ ಮುಖದ ಮೇಲೆ ಕನ್ನಡಕವೇ ಇಲ್ಲ ಎನ್ನಬೇಕು. 1064ರ ಆಸುಪಾಸಿನ ಬೆಳಕು ಆ ಪ್ಲಾಸ್ಟಿಕ್ಕಿನ ಮೂಲಕ ಬಹುತೇಕ ಇಡಿಯಾಗಿ ದಾಟುತ್ತದೆ. ಲೇಸರ್ ಕನ್ನಡಕದ ವಿಚಾರದಲ್ಲಿ ಮೊದಲು ತಿಳಿಯಬೇಕಾದದ್ದು ಇದನ್ನೇ: ‘ಲೇಸರ್ ಕನ್ನಡಕ’ ಎಂಬ ಒಂದು ವಸ್ತು ಇಲ್ಲ. ಇಂಥ ತರಂಗದೂರಕ್ಕೆ ಇಂಥ ಕನ್ನಡಕ, ಅಷ್ಟೆ.

ತರಂಗದೂರ ಇಷ್ಟು ಮುಖ್ಯವಾಗುವುದು ಕಣ್ಣಿನ ರಚನೆಯಿಂದಾಗಿ. ನಮ್ಮ ಕಾರ್ನಿಯಾ, ಮಸೂರ, ಅವುಗಳ ಹಿಂದಿನ ದ್ರವ ಇವೆಲ್ಲ ಸುಮಾರು 400ರಿಂದ 1400 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಒಳಗೆ ಬಿಡುತ್ತವೆ. ಅದರಲ್ಲಿ ನಮಗೆ ಕಾಣುವುದು ಸುಮಾರು 700ರವರೆಗಿನದು ಮಾತ್ರ. ಉಳಿದದ್ದೂ ಒಳಗೆ ಹೋಗುತ್ತದೆ, ಮಸೂರ ಅದನ್ನೂ ಒಟ್ಟುಗೂಡಿಸುತ್ತದೆ. ಅಕ್ಷಿಪಟಲಕ್ಕೆ ಮಾತ್ರ ಅದರ ಸುಳಿವು ಸಿಗುವುದಿಲ್ಲ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ಇಳಿಸಿ ಕಾಗದ ಸುಡುವುದನ್ನು ನಾವೆಲ್ಲ ಶಾಲೆಯ ದಿನಗಳಲ್ಲಿ ನೋಡಿದ್ದೇವೆ. ಕಣ್ಣಿನ ಮಸೂರ ಅದಕ್ಕಿಂತ ಬಹಳ ನಿಷ್ಠುರ. ಅರಳಿದ ಪಾಪೆಯ ಅಗಲ 7 ಮಿಲಿಮೀಟರ್. ಅಷ್ಟಗಲದ ಲೇಸರ್ ಕಿರಣ ಅಕ್ಷಿಪಟಲದ ಮೇಲೆ 20 ಮೈಕ್ರೋಮೀಟರಿನಷ್ಟು ಪುಟ್ಟ ಚುಕ್ಕೆಯಾಗಿ ಬೀಳಬಲ್ಲದು. ಲೆಕ್ಕ ಹಾಕಿ: ಒಂದು ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ ಲಕ್ಷ ಪಟ್ಟು ಏರಿತು. 1064 ನಿಂತಿರುವುದು ಈ ಬಾಗಿಲಿನ ಒಳಗೆ. 10,600 ಅದರಾಚೆ ಬಹಳ ದೂರ. ಅದು ಕಾರ್ನಿಯಾದ ಮೇಲ್ಪದರದ ನೀರಿನಲ್ಲೇ ಹೀರಿಹೋಗುತ್ತದೆ. ಅಲ್ಲಿ ಸುಡುತ್ತದೆ, ಉರಿ ತಡೆಯಲಾಗದಷ್ಟಿರುತ್ತದೆ, ಶಾಶ್ವತ ಹಾನಿಯೂ ಆಗಬಹುದು. ಆದರೆ ನೋವು ಎಚ್ಚರಿಸುತ್ತದೆ, ಅಕ್ಷಿಪಟಲ ಉಳಿಯುತ್ತದೆ.

ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ. ಅಲ್ಲಿ ನೋವಿನ ನರತುದಿಗಳಿಲ್ಲ. ಇದರ ಅರ್ಥವನ್ನು ತನ್ನ ಮೈಮೇಲೆಯೇ ಕಂಡುಕೊಂಡ ಸಂಶೋಧಕನೊಬ್ಬ 1977ರಲ್ಲಿ ‘ಲೇಸರ್ ಫೋಕಸ್’ ಪತ್ರಿಕೆಗೆ ಬರೆದ ಅನುಭವವನ್ನು ಇಂದಿಗೂ ಲೇಸರ್ ಸುರಕ್ಷತೆಯ ತರಗತಿಗಳಲ್ಲಿ ಓದಿಸುತ್ತಾರೆ. ಅವನಿಗೆ ತಗುಲಿದ್ದು ನೇರ ಕಿರಣವೂ ಅಲ್ಲ, ನಿಯೋಡೈಮಿಯಂ ಯಾಗ್ ಲೇಸರಿನ ಒಂದು ಪ್ರತಿಫಲನ. 6 ಮಿಲಿಜೌಲ್ ಶಕ್ತಿ, 10 ನ್ಯಾನೋಸೆಕೆಂಡಿನ ಮಿಡಿತ. ಶಕ್ತಿಯ ಮೊತ್ತ ಅತ್ಯಲ್ಪ. ಆದರೆ ಅಷ್ಟು ಚಿಕ್ಕ ಅವಧಿಯಲ್ಲಿ ಹರಿದಾಗ ಅದು ಆರು ಲಕ್ಷ ವ್ಯಾಟ್. ಕಣ್ಣಗುಡ್ಡೆಯೊಳಗೆ ‘ಪಟ್’ ಎಂಬ ಸದ್ದು ಕೇಳಿತು. ಮುಂದಿನ ಕ್ಷಣ ದೃಷ್ಟಿಗೆ ಅಡ್ಡವಾಗಿ ರಕ್ತದ ಎಳೆಗಳು ತೇಲತೊಡಗಿದವು. ರಕ್ಷಣೆಯ ಕನ್ನಡಕ ಅದೇ ಪ್ರಯೋಗಾಲಯದಲ್ಲಿತ್ತು, ಅವನು ಹಾಕಿಕೊಂಡಿರಲಿಲ್ಲ.

ಕಾಣುವ ಬೆಳಕಾದರೆ ದೇಹವೇ ಒಂದಿಷ್ಟು ಕಾವಲು ಕಾಯುತ್ತದೆ. ಕಣ್ಣಿಗೆ ಕುಕ್ಕಿದೊಡನೆ ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚುತ್ತದೆ, ತಲೆ ಹೊರಳುತ್ತದೆ. ಲೇಸರ್‌ಗಳನ್ನು ಅಪಾಯಕ್ಕೆ ತಕ್ಕಂತೆ ವರ್ಗಗಳಾಗಿ ವಿಂಗಡಿಸುತ್ತಾರೆ. ಎರಡನೇ ವರ್ಗದವಕ್ಕೆ 1 ಮಿಲಿವ್ಯಾಟಿನ ಮಿತಿ ಬಂದದ್ದು ಆ ಕಾಲು ಸೆಕೆಂಡಿನ ಲೆಕ್ಕದಿಂದ. ಅರ್ಧ ವ್ಯಾಟ್ ಮೀರಿದ್ದೆಲ್ಲ ನಾಲ್ಕನೇ ವರ್ಗ. ಅಲ್ಲಿ ರೆಪ್ಪೆಯನ್ನು ನಂಬುವಂತಿಲ್ಲ. ಅವಗೆಂಪಿಗಂತೂ ರೆಪ್ಪೆ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ, ಏನೋ ನಡೆಯುತ್ತಿದೆ ಎಂಬುದೇ ಕಣ್ಣಿಗೆ ತಿಳಿದಿರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕನ್ನಡಕ ಎಷ್ಟು ತಡೆಯುತ್ತದೆ ಎಂದು ಹೇಳುವ ಅಳತೆಗೆ ಆಪ್ಟಿಕಲ್ ಡೆನ್ಸಿಟಿ ಎನ್ನುತ್ತಾರೆ. ಕೆಲಸದವರ ಬಾಯಲ್ಲಿ ಬರೀ ಓಡಿ. ಇದು ಹತ್ತರ ಘಾತಗಳಲ್ಲಿ ಏರುತ್ತದೆ. ಓಡಿ 1 ಎಂದರೆ ಬಿದ್ದ ಬೆಳಕಿನ ಹತ್ತರಲ್ಲೊಂದು ಪಾಲು ದಾಟುತ್ತದೆ. ಓಡಿ 2 ಆದರೆ ನೂರರಲ್ಲೊಂದು, ಓಡಿ 6 ಆದರೆ ಹತ್ತು ಲಕ್ಷದಲ್ಲೊಂದು. ಆದ್ದರಿಂದ ಓಡಿ 3ರ ಕನ್ನಡಕ ಓಡಿ 6ರದಕ್ಕೆ ಅರ್ಧದಷ್ಟು ಒಳ್ಳೆಯದು ಎಂದುಕೊಂಡರೆ ತಪ್ಪುತ್ತೀರಿ, ಅದು ದಾಟಿಸುವ ಬೆಳಕು ಸಾವಿರ ಪಟ್ಟು ಹೆಚ್ಚು.

ಕೈಯಲ್ಲಿ ಹಿಡಿದು ಬೆಸೆಯುವ ಫೈಬರ್ ಲೇಸರ್‌ಗಳು ಈಗ ಸಣ್ಣ ವರ್ಕ್‌ಶಾಪ್‌ಗಳಿಗೂ ಬಂದಿವೆ. ಅವುಗಳ ಶಕ್ತಿ ಸಾಮಾನ್ಯವಾಗಿ ಒಂದೂವರೆ, ಎರಡು ಸಾವಿರ ವ್ಯಾಟ್. 1070ರ ಆಸುಪಾಸಿನ ಬೆಳಕು ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಬಿದ್ದರೂ ಕಣ್ಣು ತಾಳಿಕೊಳ್ಳಬಲ್ಲ ಮಿತಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಎಂದು ಅಂತರರಾಷ್ಟ್ರೀಯ ಮಾನಕಗಳು ಗೊತ್ತುಮಾಡಿವೆ. 7 ಮಿಲಿಮೀಟರಿನ ಪಾಪೆಯ ವಿಸ್ತೀರ್ಣ ಸುಮಾರು 0.385 ಚದರ ಸೆಂಟಿಮೀಟರ್. ಅಂದರೆ ಕಣ್ಣೊಳಗೆ ಹೋಗಬಹುದಾದದ್ದು ಹೆಚ್ಚೆಂದರೆ 2 ಮಿಲಿವ್ಯಾಟ್. ಎರಡು ಸಾವಿರ ವ್ಯಾಟನ್ನು ಎರಡು ಮಿಲಿವ್ಯಾಟಿಗೆ ಇಳಿಸಬೇಕೆಂದರೆ ಹತ್ತು ಲಕ್ಷದಿಂದ ಭಾಗಿಸಬೇಕು. ಬೇಕಾದ ಓಡಿ 6. ಲೆಕ್ಕ ಅಂಚಿಗೇ ಬಂದು ನಿಂತಾಗ ಒಂದು ಮೆಟ್ಟಿಲು ಮೇಲೆ ಹೋಗಿ 7 ಕೊಳ್ಳುವುದು ಸರಿ.

ಇದು ನೇರ ಕಿರಣದ ಮಾತು. ಲೋಹಕ್ಕೆ ಬಡಿದು ಚದುರಿದ ಬೆಳಕೂ ಸುಮ್ಮನಿರುವಂಥದಲ್ಲ. ಎರಡು ಸಾವಿರ ವ್ಯಾಟಿನಲ್ಲಿ ಅರ್ಧ ಒರಟು ಮೇಲ್ಮೈಯಿಂದ ಎಲ್ಲ ಕಡೆ ಚದುರಿತು ಎಂದಿಟ್ಟುಕೊಳ್ಳಿ. ಅರ್ಧ ಮೀಟರ್ ದೂರದಲ್ಲಿ ಬಾಗಿ ನೋಡುತ್ತಿರುವವನ ಕಣ್ಣಿಗೆ ಬೀಳುವುದು ಮಿತಿಯ ಸುಮಾರು 25 ಪಟ್ಟು. ಎರಡು ಮೀಟರ್ ಆಚೆ ನಿಂತು ಹಾಳೆ ಎತ್ತಿಕೊಡುತ್ತಿರುವ ಹುಡುಗನಿಗೂ ಮಿತಿಗಿಂತ ಹೆಚ್ಚೇ ತಲುಪುತ್ತದೆ. ಬೆಸೆಯುವ ಟಾರ್ಚ್ ಹಿಡಿದವನಿಗೆ ಮಾತ್ರ ಕನ್ನಡಕ ಕೊಡಿಸಿ ಸಹಾಯಕನನ್ನು ಹಾಗೇ ನಿಲ್ಲಿಸುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ತಪ್ಪು. ಅವನು ಕಲಿಯಲು ಬಂದವನು, ಕುತೂಹಲದಿಂದ ಕಿಡಿಯತ್ತಲೇ ನೋಡುತ್ತಿರುತ್ತಾನೆ.

ಆರ್ಕ್ ವೆಲ್ಡಿಂಗ್‌ನ ಕಪ್ಪು ಗಾಜಿದೆಯಲ್ಲ, ಅದು ಸಾಲದೇ ಎಂದು ಅನುಭವಿ ವೆಲ್ಡರ್‌ಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಗಾಜು ಅವಗೆಂಪನ್ನು ಒಂದು ಮಟ್ಟಕ್ಕೆ ತಡೆಯುವುದೂ ನಿಜ. ಆದರೆ ಆರ್ಕಿನ ಬೆಳಕು ಸುತ್ತೆಲ್ಲ ಹರಡುವಂಥದು. ಲೇಸರ್ ಕಿರಣ ಒಂದೇ ಜಾಗಕ್ಕೆ ಬಡಿಯುವಂಥದು. ಆ ಬಡಿತವನ್ನು ತಾಳಿಕೊಳ್ಳುತ್ತದೆಯೇ ಎಂದು ಆ ಗಾಜನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಇನ್ನು ಬಿಸಿಲಿನ ಕಪ್ಪು ಕನ್ನಡಕದ ಮಾತು ಬೇರೆಯೇ. ಅದು ಕಾಣುವ ಬೆಳಕನ್ನು ತಗ್ಗಿಸುತ್ತದೆ, ಕತ್ತಲಾಯಿತೆಂದು ಪಾಪೆ ಅರಳುತ್ತದೆ, ತಡೆಯದೆ ಬಿಟ್ಟ ಅವಗೆಂಪಿಗೆ ಬಾಗಿಲು ಇನ್ನಷ್ಟು ಅಗಲವಾಗುತ್ತದೆ.

ತಾಳಿಕೊಳ್ಳುವುದು ಎಂದೆನಲ್ಲ, ಓಡಿ ಸಂಖ್ಯೆ ಅದರ ಬಗ್ಗೆ ಏನೂ ಹೇಳುವುದಿಲ್ಲ. ಓಡಿ 7 ಇರುವ ಪ್ಲಾಸ್ಟಿಕ್ಕು ಅರ್ಧ ಸೆಕೆಂಡಿನಲ್ಲಿ ಕರಗಿ ತೂತಾದರೆ ಆ ಏಳರಿಂದ ಏನು ಪ್ರಯೋಜನ? ಯುರೋಪಿನ ಇಎನ್ 207 ಎಂಬ ಮಾನಕ ಹುಟ್ಟಿದ್ದು ಈ ಪ್ರಶ್ನೆಯಿಂದ. ಅದರ ಪ್ರಕಾರ ಕನ್ನಡಕವನ್ನು ನಿಜವಾದ ಲೇಸರಿನಿಂದ ಹೊಡೆದು ನೋಡಬೇಕು. ನಿರಂತರ ಕಿರಣವಾದರೆ ಐದು ಸೆಕೆಂಡು, ಮಿಡಿತಗಳಾದರೆ ಐವತ್ತು ಮಿಡಿತ. ಅಷ್ಟೂ ಹೊತ್ತು ಗಾಜೂ ಚೌಕಟ್ಟೂ ಕಾಪಾಡಿದರೆ ಮಾತ್ರ ಅಂಕ. ಆ ಅಂಕ ಕನ್ನಡಕದ ಮೇಲೆ ಪುಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕೈಗೆ ಬಂದ ಕನ್ನಡಕವನ್ನು ಬೆಳಕಿಗೆ ಹಿಡಿದು ಮೊದಲು ಓದಬೇಕಾದದ್ದು ಅದನ್ನು.

ಉದಾಹರಣೆಗೆ, ‘900–1070 ಡಿ ಎಲ್‌ಬಿ6’ ಎಂದಿದೆ ಎನ್ನಿ. ಮೊದಲ ಜೋಡಿ ಸಂಖ್ಯೆ ತರಂಗದೂರದ ವ್ಯಾಪ್ತಿ. ‘ಡಿ’ ಎಂದರೆ ನಿರಂತರ ಕಿರಣಕ್ಕೆ ಪರೀಕ್ಷೆಯಾಗಿದೆ. ಕೊನೆಯ 6 ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ: ಬೆಳಕು ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಹೆಚ್ಚು ದಾಟುವುದಿಲ್ಲ, ಮತ್ತು ಚದರ ಮೀಟರಿಗೆ ಒಂದು ಕೋಟಿ ವ್ಯಾಟ್ ಬಿದ್ದರೂ ಗಾಜು ನಿಲ್ಲುತ್ತದೆ. ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಅದು ಸಾವಿರ ವ್ಯಾಟ್. ಎರಡು ಸಾವಿರ ವ್ಯಾಟಿನ ಕಿರಣ ಒಂದು ಚದರ ಸೆಂಟಿಮೀಟರ್ ಅಗಲವಾಗಿ ನೇರವಾಗಿ ಬಿದ್ದರೆ ಎಲ್‌ಬಿ6ಕ್ಕೂ ಅದು ಮಿತಿ ಮೀರಿದ ಹೊರೆ, ಎಲ್‌ಬಿ7 ಬೇಕು. ಇನ್ನೂ ಒಂದು ವಿಷಯ ಗಮನಿಸಿದಿರಾ? ವ್ಯಾಪ್ತಿ 1070ಕ್ಕೆ ಮುಗಿದಿದೆ. ನಿಮ್ಮ ಯಂತ್ರದ ಕಿರಣ 1080 ಆಗಿದ್ದರೆ ಈ ಕನ್ನಡಕ ನಿಮ್ಮದಲ್ಲ. ಹತ್ತು ನ್ಯಾನೋಮೀಟರ್ ತಾನೇ ಎಂದು ಬಿಡುವಂತಿಲ್ಲ. ಯಂತ್ರದ ಬೆನ್ನ ಮೇಲಿನ ಫಲಕದಲ್ಲಿ ತರಂಗದೂರ ಬರೆದಿರುತ್ತದೆ. ಅದನ್ನು ಫೋಟೊ ತೆಗೆದುಕೊಂಡೇ ಕನ್ನಡಕ ಕೊಳ್ಳಲು ಹೋಗಬೇಕು.

ಆನ್‌ಲೈನ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಹಸಿರು ಪ್ಲಾಸ್ಟಿಕ್ಕಿನ ಕನ್ನಡಕಗಳ ಮೇಲೆ ‘200ರಿಂದ 2000 ನ್ಯಾನೋಮೀಟರ್, ಓಡಿ 4+’ ಎಂಬಂಥ ಬರಹ ಇರುತ್ತದೆ. ಇಷ್ಟು ವಿಶಾಲ ವ್ಯಾಪ್ತಿಯನ್ನು ಹೀಗೆ ಒಂದೇ ಅಂಕೆಯಲ್ಲಿ ಹೇಳುವುದೇ ಅನುಮಾನಕ್ಕೆ ಕಾರಣ. 200ರಿಂದ 2000ದವರೆಗೆ ಎಲ್ಲವನ್ನೂ ತಡೆದರೆ ಅದರೊಳಗೇ ಇರುವ ಕಾಣುವ ಬೆಳಕೂ ನಿಂತು, ಹಾಕಿಕೊಂಡವರಿಗೆ ಏನೂ ಕಾಣಬಾರದಿತ್ತು! ಯಾರು ಪರೀಕ್ಷಿಸಿದರು, ಯಾವ ಲೇಸರಿನಿಂದ, ಎಷ್ಟು ಹೊತ್ತು ಎಂಬುದಕ್ಕೆ ಅಲ್ಲಿ ಉತ್ತರವಿರುವುದಿಲ್ಲ. ಅಮೆರಿಕದ ಮಾನಕ ಆನ್ಸಿ ಝಡ್136 ತರಂಗದೂರ ಮತ್ತು ಓಡಿಯ ಮೇಲೆ ಹೆಚ್ಚು ಒತ್ತು ಕೊಟ್ಟು, ಉಳಿದದ್ದರ ಹೊಣೆಯನ್ನು ಸಂಸ್ಥೆಯ ಲೇಸರ್ ಸುರಕ್ಷತಾ ಅಧಿಕಾರಿಗೆ ಬಿಡುತ್ತದೆ. ಅಂಥ ಅಧಿಕಾರಿಯೇ ಇಲ್ಲದ ಸಣ್ಣ ಶೆಡ್ಡುಗಳಿಗೆ ಹೊಡೆದು ಪರೀಕ್ಷಿಸುವ ಯುರೋಪಿನ ಪದ್ಧತಿಯೇ ಹೆಚ್ಚು ಆಸರೆ ಎಂಬುದು ನನ್ನ ಅಭಿಪ್ರಾಯ.

ಬಣ್ಣ ನೋಡಿ ಕನ್ನಡಕ ಆರಿಸುವ ಅಭ್ಯಾಸವೂ ವ್ಯಾಪಕವಾಗಿದೆ. ಕಿತ್ತಳೆ ಬಣ್ಣದ ಗಾಜು ನೀಲಿ, ಹಸಿರು ಕಿರಣಗಳನ್ನು ಹೀರಿಕೊಳ್ಳುತ್ತದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಆದರೆ ಅದು ಅವಗೆಂಪನ್ನು ಏನು ಮಾಡುತ್ತದೆ ಎಂಬುದನ್ನು ಬಣ್ಣ ಹೇಳಲಾರದು. ಹಸಿರು ಲೇಸರಿನಲ್ಲಿ ಈ ಅಜ್ಞಾನ ಅಪಾಯಕಾರಿ. 532 ನ್ಯಾನೋಮೀಟರಿನ ಹಸಿರು ಬೆಳಕು ಅನೇಕ ಯಂತ್ರಗಳಲ್ಲಿ ನೇರವಾಗಿ ಹುಟ್ಟುವುದಿಲ್ಲ. 808ರ ಡಯೋಡ್ ಬೆಳಕು ಹರಳೊಂದನ್ನು ಉದ್ದೀಪಿಸುತ್ತದೆ, ಅದರಿಂದ 1064 ಹುಟ್ಟುತ್ತದೆ, ಇನ್ನೊಂದು ಹರಳು ಅದರ ತರಂಗದೂರವನ್ನು ಅರ್ಧಕ್ಕೆ ಇಳಿಸಿ 532 ಮಾಡುತ್ತದೆ. ಪರಿವರ್ತನೆಯಾಗದೆ ಉಳಿದ ಅವಗೆಂಪನ್ನು ಕೊನೆಯಲ್ಲೊಂದು ಸೋಸುಗಾಜು ತಡೆಯಬೇಕು. ಅಗ್ಗದ ಸಾಧನದಲ್ಲಿ ಆ ಗಾಜೇ ಇರುವುದಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಥದೊಂದು ಹಸಿರು ಪಾಯಿಂಟರ್ ಇತ್ತು. ಅದರ ಮೇಲೆ ಬರೆದಿದ್ದದ್ದು 10 ಮಿಲಿವ್ಯಾಟ್. ಹಸಿರು ಮಂದವಾಗಿತ್ತು, ಆದರೆ ಕಾಣದ ಅವಗೆಂಪು ಸುಮಾರು 20 ಮಿಲಿವ್ಯಾಟಿನಷ್ಟು ಸೋರುತ್ತಿತ್ತು. ಇಂಥದರ ಮುಂದೆ 532ಕ್ಕೆ ಮಾತ್ರ ತಯಾರಾದ ಕಿತ್ತಳೆ ಕನ್ನಡಕ ಹಾಕಿದವರಿಗೆ ಹಸಿರು ಚುಕ್ಕೆ ಮಾಯವಾಗುತ್ತದೆ. ಸುರಕ್ಷಿತವಾಗಿದ್ದೇವೆಂದು ಧೈರ್ಯ ಬರುತ್ತದೆ. 1064 ಮಾತ್ರ ಒಳಗೆ ಬರುತ್ತಲೇ ಇರುತ್ತದೆ. ಹೀಗೆ 1064ರಿಂದ ಹುಟ್ಟಿದ ಹಸಿರಿಗೆ 532 ಮತ್ತು 1064 ಎರಡೂ ನಮೂದಾಗಿರುವ ಕನ್ನಡಕವೇ ಬೇಕು.

ಮಿಡಿತದ ಲೇಸರ್‌ಗಳಿಗೆ ಮತ್ತೊಂದು ತೊಡಕಿದೆ. ಪ್ಲಾಸ್ಟಿಕ್ ಕನ್ನಡಕದಲ್ಲಿ ಬೆಳಕನ್ನು ಹೀರುವುದು ಅದರೊಳಗೆ ಬೆರೆಸಿದ ಬಣ್ಣದ ಅಣುಗಳು. ಪ್ರತಿ ಅಣುವೂ ಒಂದು ಫೋಟಾನು ನುಂಗಿದ ಮೇಲೆ ಸುಧಾರಿಸಿಕೊಳ್ಳಲು ತುಸು ಸಮಯ ಬೇಕು. ಅತ್ಯಂತ ಕಿರಿದಾದ ಮಿಡಿತದಲ್ಲಿ ಅಪಾರ ಫೋಟಾನುಗಳು ಒಮ್ಮೆಲೇ ನುಗ್ಗಿದಾಗ ಅಣುಗಳೆಲ್ಲ ಮೊದಲ ಸಾಲಿನವನ್ನು ನುಂಗಿ ಕೂತಿರುತ್ತವೆ, ಹಿಂದಿನವು ತಡೆಯಿಲ್ಲದೆ ದಾಟಿಬಿಡಬಹುದು. ಆ ಒಂದು ಕ್ಷಣಕ್ಕೆ ಗಾಜು ಪಾರದರ್ಶಕವಾಗುತ್ತದೆ. ಸಾಧಾರಣ ದೀಪದಿಂದ ಅಳೆದಾಗ ಬಂದ ಓಡಿ ಅಲ್ಲಿ ಸುಳ್ಳಾಗುತ್ತದೆ. ಈ ಕಾರಣಕ್ಕಾಗಿಯೇ ಇಎನ್ 207 ನಿರಂತರ ಕಿರಣದ ‘ಡಿ’ ಅಲ್ಲದೆ ದೀರ್ಘ ಮಿಡಿತಕ್ಕೆ ‘ಐ’, ನ್ಯಾನೋಸೆಕೆಂಡಿನ ದೈತ್ಯ ಮಿಡಿತಕ್ಕೆ ‘ಆರ್’, ಅದಕ್ಕಿಂತ ಚಿಕ್ಕದಕ್ಕೆ ‘ಎಂ’ ಎಂದು ಬೇರೆ ಬೇರೆ ಪರೀಕ್ಷೆ ಇಟ್ಟಿದೆ. ಗುರುತು ಹಾಕುವ ಮಾರ್ಕಿಂಗ್ ಯಂತ್ರಗಳಲ್ಲಿ ಬಹಳಷ್ಟು ನ್ಯಾನೋಸೆಕೆಂಡಿನ ಮಿಡಿತದವು. ಅವಕ್ಕೆ ಬರೀ ‘ಡಿ’ ಇರುವ ಕನ್ನಡಕ ಸಾಲದು, ‘ಆರ್’ ಕಾಣಬೇಕು. ಹೀರುವ ಬದಲು ಬೆಳಕನ್ನು ಹಿಂದಕ್ಕೆ ಕಳಿಸುವ ಲೇಪನದ ಗಾಜುಗಳೂ ಇವೆ. ಅವು ಹೆಚ್ಚು ಶಕ್ತಿ ತಾಳುತ್ತವೆ. ಆದರೆ ಓರೆಯಾಗಿ ಬಂದ ಕಿರಣಕ್ಕೆ ಲೇಪನ ತಡೆಯುವ ತರಂಗದೂರವೇ ಸರಿದುಬಿಡುತ್ತದೆ, ಒಂದು ಗೀರು ಬಿದ್ದರೂ ಅಲ್ಲಿ ರಕ್ಷಣೆ ಹೋಯಿತು.

ಇಷ್ಟೆಲ್ಲ ನೋಡಿ ತಂದ ಕನ್ನಡಕ ಮೊಳೆಗೆ ನೇತುಬಿದ್ದರೆ ಎಲ್ಲ ವ್ಯರ್ಥ. ಅದನ್ನು ತೆಗೆದಿಡುವವರನ್ನು ಬೈದು ಪ್ರಯೋಜನವಿಲ್ಲ, ಯಾಕೆ ತೆಗೆಯುತ್ತಾರೆಂದು ನೋಡಬೇಕು. ಮೊದಲ ಕಾರಣ ಕತ್ತಲೆ. ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಕಣ್ಣಿಗೆ ತಲುಪುತ್ತದೆ ಎಂಬುದಕ್ಕೂ ಶೇಕಡಾವಾರು ಅಂಕವಿದೆ. ಅದು 20ಕ್ಕಿಂತ ಕೆಳಗಿದ್ದರೆ ಕೆಲಸದ ಜಾಗಕ್ಕೆ ಹೆಚ್ಚು ದೀಪ ಹಾಕಲೇಬೇಕು. ಬೇಕಾದ್ದಕ್ಕಿಂತ ವಿಪರೀತ ಹೆಚ್ಚು ಓಡಿ ಕೊಳ್ಳುವುದೂ ಇದಕ್ಕಾಗಿಯೇ ಜಾಣತನವಲ್ಲ. ಏನೂ ಕಾಣದ ಕನ್ನಡಕವನ್ನು ಯಾರೂ ಹಾಕುವುದಿಲ್ಲ. ಎರಡನೆಯದು ಗುರಿ ತೋರಿಸುವ ಕೆಂಪು ಚುಕ್ಕೆ. ಅವಗೆಂಪು ಕಾಣದ ಕಾರಣ ಫೈಬರ್ ಯಂತ್ರಗಳಲ್ಲಿ ಜೊತೆಗೊಂದು ಕೆಂಪು ಡಯೋಡ್ ಇಟ್ಟಿರುತ್ತಾರೆ. ಕೆಂಪನ್ನೂ ನುಂಗುವ ಕನ್ನಡಕ ಕೊಟ್ಟರೆ ಆಪರೇಟರ್ ಅದನ್ನು ಹಣೆಗೇರಿಸಿಯೇ ಜೋಡಣೆ ಮಾಡುತ್ತಾನೆ. ಕೊಳ್ಳುವಾಗಲೇ ಆ ಕೆಂಪು ಕಾಣುತ್ತದೆಯೇ, ಯಂತ್ರದ ಕೆಂಪು ಎಚ್ಚರಿಕೆ ದೀಪ ಕಾಣುತ್ತದೆಯೇ ಎಂದು ಹಾಕಿ ನೋಡಿದರೆ ಈ ತೊಂದರೆ ಬರುವುದಿಲ್ಲ. ಮೂರನೆಯದು ಬೆವರು, ಮಂಜು, ಮೂಗಿನ ಮೇಲಿನ ಭಾರ. ನಂಬರ್ ಕನ್ನಡಕ ಇರುವವರಿಗೆ ಅದರ ಮೇಲೆಯೇ ಕೂರುವ ದೊಡ್ಡ ಚೌಕಟ್ಟು ಬೇಕು. ಕೆನ್ನೆಯ ಬಳಿ, ಹುಬ್ಬಿನ ಬಳಿ ಸಂದು ಉಳಿಯಬಾರದು. ಪ್ರತಿಫಲನ ಮುಂದಿನಿಂದಲೇ ಬರಬೇಕೆಂದಿಲ್ಲ. ಪಕ್ಕದಲ್ಲಿಟ್ಟ ಸ್ಪ್ಯಾನರಿನಿಂದ, ಕೈಗಡಿಯಾರದಿಂದ, ಉಂಗುರದಿಂದಲೂ ಬಂದೀತು.

ಕನ್ನಡಕ ಕೊನೆಯ ಗೋಡೆ, ಮೊದಲನೆಯದಲ್ಲ. 2004ರ ಜುಲೈನಲ್ಲಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ತರಬೇತಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಅಕ್ಷಿಪಟಲ ಲೇಸರಿನಿಂದ ಗಾಯಗೊಂಡಿತು. ಅವಳೂ ಕನ್ನಡಕ ಹಾಕಿರಲಿಲ್ಲ, ಕೆಲಸ ಕಲಿಸುತ್ತಿದ್ದವರೂ ಹಾಕಿರಲಿಲ್ಲ. ಗೋಪ್ಯ ದಾಖಲೆಗಳ ಡಿಸ್ಕುಗಳು ಕಾಣೆಯಾದ ಸುದ್ದಿಯೂ ಅದೇ ಹೊತ್ತಿಗೆ ಸೇರಿ, ಕೆಲವೇ ದಿನಗಳಲ್ಲಿ ಆ ಬೃಹತ್ ಸಂಸ್ಥೆಯ ಕೆಲಸವನ್ನೇ ನಿಲ್ಲಿಸಬೇಕಾಯಿತು. ಹಿರಿಯರು ಬರಿಗಣ್ಣಿನಲ್ಲಿದ್ದರೆ ಕಿರಿಯರು ಕನ್ನಡಕ ಕೇಳುವುದಿಲ್ಲ. ಇದು ನಮ್ಮಲ್ಲೂ ಹೊಸದಲ್ಲ. ಸರಿಯಾದ ಕ್ರಮ ಕಿರಣವನ್ನೇ ಪೆಟ್ಟಿಗೆಯೊಳಗೆ ಮುಚ್ಚುವುದರಿಂದ ಶುರುವಾಗುತ್ತದೆ: ಬಾಗಿಲು ತೆರೆದೊಡನೆ ಲೇಸರ್ ತಾನೇ ಆರುವ ವ್ಯವಸ್ಥೆ, ಕಿಟಕಿಗೆ ಅದೇ ತರಂಗದೂರದ ಗಾಜು, ಕೈ ವೆಲ್ಡಿಂಗ್ ಆದರೆ ಸುತ್ತ ಲೇಸರ್ ತಡೆಯುವ ಪರದೆ. ಪ್ರಯೋಗಾಲಯದಲ್ಲಿ ಕಿರಣ ಮೇಜಿನ ಮಟ್ಟದಲ್ಲಿ ಹರಿಯುತ್ತದೆ. ಬಿದ್ದ ಪೆನ್ನು ಎತ್ತಲು ಬಗ್ಗಿದಾಗ ಕಣ್ಣು ಅದೇ ಮಟ್ಟಕ್ಕೆ ಇಳಿಯುತ್ತದೆ. ಹಾಗೆ ಬಗ್ಗುವಾಗ ಕಣ್ಣು ಮುಚ್ಚಿಕೊಳ್ಳುವುದನ್ನು ಒಳ್ಳೆಯ ಗುರುಗಳು ಮೊದಲ ದಿನವೇ ಕಲಿಸುತ್ತಾರೆ. ಕನ್ನಡಕ ಹಾಕಿದ್ದೇವೆಂದು ಕಿರಣದ ದಾರಿಯಲ್ಲಿ ನೇರವಾಗಿ ನೋಡುವುದಂತೂ ಯಾವ ಮಾನಕವೂ ಒಪ್ಪದ ಕೆಲಸ.

ವಾರಕ್ಕೊಮ್ಮೆ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಬೇಕು. ಗೀರು, ಬಿರುಕು, ಬಣ್ಣ ಮಾಸಿದ ಜಾಗ, ಸುಟ್ಟ ಚುಕ್ಕೆ, ಸಡಿಲವಾದ ಚೌಕಟ್ಟು ಇವುಗಳಲ್ಲಿ ಯಾವುದು ಕಂಡರೂ ಅದನ್ನು ತೆಗೆದುಹಾಕಬೇಕು. ಥಿನ್ನರ್, ಅಸಿಟೋನ್ ಹಾಕಿ ಒರೆಸಬಾರದು. ಎರಡು ಬಗೆಯ ಯಂತ್ರಗಳಿರುವ ಕಡೆ ಪ್ರತಿ ಯಂತ್ರದ ಕನ್ನಡಕವನ್ನು ಆಯಾ ಯಂತ್ರದ ಪಕ್ಕದಲ್ಲೇ, ತರಂಗದೂರ ದಪ್ಪಕ್ಷರದಲ್ಲಿ ಬರೆದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ಕಿರಣ ತಗುಲಿತೆಂಬ ಶಂಕೆ ಬಂದರೆ ನೋವಿಲ್ಲವೆಂದು ಮರುದಿನಕ್ಕೆ ಮುಂದೂಡಬಾರದು, ಕಣ್ಣು ಉಜ್ಜಬಾರದು. ಅಂದೇ ಅಕ್ಷಿಪಟಲದ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು. ಡಾಕ್ಟರು ಕೇಳದಿದ್ದರೂ ಲೇಸರಿನ ತರಂಗದೂರ, ಶಕ್ತಿ, ನಿರಂತರವೋ ಮಿಡಿತದ್ದೋ ಎಂಬುದನ್ನು ಬರೆದು ಅವರ ಕೈಗೆ ಕೊಡಬೇಕು.